ಅಂಗಡಿಗೆ ಗಿರಾಕಿ ತರುವ ಲೇಖನ: ಏನು ಬರೆಯಬೇಕು, ಎಲ್ಲಿ ಹಾಕಬೇಕು, ಹೇಗೆ ಲೆಕ್ಕ ಇಡಬೇಕು

"ವೆಬ್‌ಸೈಟ್ ಮಾಡಿಸಿದೆವು, ದುಡ್ಡು ಕೊಟ್ಟು ಲೇಖನಗಳನ್ನೂ ಹಾಕಿಸಿದೆವು. ಒಂದು ಫೋನ್ ಕೂಡ ಬರಲಿಲ್ಲ. ಎಲ್ಲಿ ತಪ್ಪಿದೆವು?" ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ವಿಜಯನಗರದ ಗಾಣದ ಎಣ್ಣೆಯವರಿದ್ದಾರೆ, ಚಿಕ್ಕಪೇಟೆಯ ಸೀರೆ ವ್ಯಾಪಾರಿಗಳಿದ್ದಾರೆ, ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವರಿದ್ದಾರೆ. ಅವರು ಕಳಿಸುವ ಲೇಖನಗಳನ್ನು ಓದಿದರೆ ಕಾರಣ ಅಲ್ಲೇ ಕಾಣುತ್ತದೆ. ಯಾವ ಗಿರಾಕಿಯೂ ಕೇಳದ ಪ್ರಶ್ನೆಗೆ ಅವು ಉತ್ತರ ಹೇಳುತ್ತಿರುತ್ತವೆ.

ಲೇಖನ ಮಾರ್ಕೆಟಿಂಗ್ ಎಂಬ ಹೆಸರು ದೊಡ್ಡದು, ಕೆಲಸ ಸರಳ. ನಿಮ್ಮ ಕಸುಬಿನ ಬಗ್ಗೆ ಜನರಿಗಿರುವ ಸಂಶಯವೊಂದನ್ನು ಬಿಡಿಸಿ ಬರೆಯುವುದು, ಅವರು ಹುಡುಕುವ ಕಡೆ ಅದನ್ನು ಇಡುವುದು, ಕೊನೆಯಲ್ಲಿ ನಿಮ್ಮನ್ನು ತಲುಪುವ ದಾರಿ ಹೇಳುವುದು. ಜಾಹೀರಾತು ದುಡ್ಡು ನಿಂತ ದಿನವೇ ನಿಲ್ಲುತ್ತದೆ. ಒಳ್ಳೆಯ ಲೇಖನ ವರ್ಷಗಟ್ಟಲೆ ಗಿರಾಕಿಗಳನ್ನು ಕಳಿಸುತ್ತಿರುತ್ತದೆ, ಆದರೆ ಶುರುವಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ನಾಳೆಯೇ ವ್ಯಾಪಾರ ಆಗಬೇಕೆನ್ನುವವರು ಕರಪತ್ರ ಹಂಚುವುದು ಒಳ್ಳೆಯದು.

ಮುಂದೆ ಹೇಳುವುದೆಲ್ಲ ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಬಸವೇಶ್ವರನಗರದಲ್ಲಿ ಸೋಲಾರ್ ವಾಟರ್ ಹೀಟರ್ ರಿಪೇರಿ ಮಾಡುವವರು. ಇಬ್ಬರು ಮೆಕ್ಯಾನಿಕ್‌ಗಳಿದ್ದಾರೆ, ಒಂದು ಸಣ್ಣ ಅಂಗಡಿ ಇದೆ.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್, ಕ್ಯಾಮೆರಾ ಚೆನ್ನಾಗಿರುವ ಮೊಬೈಲ್, ನಾಲ್ಕೈದು ಪುಟಗಳ ಸ್ವಂತ ವೆಬ್‌ಸೈಟ್, ಗೂಗಲ್ ಬಿಸಿನೆಸ್ ಪ್ರೊಫೈಲ್ ಮತ್ತು ಸರ್ಚ್ ಕನ್ಸೋಲ್. ಬಿಸಿನೆಸ್ ಪ್ರೊಫೈಲ್ ಎಂದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು, ವೇಳೆ, ಫೋನ್ ಸಂಖ್ಯೆ ತೋರಿಸುವ ಖಾತೆ. 2021ರವರೆಗೆ ಅದರ ಹೆಸರು ಗೂಗಲ್ ಮೈ ಬಿಸಿನೆಸ್ ಎಂದಿತ್ತು. ಸರ್ಚ್ ಕನ್ಸೋಲ್ ಎಂದರೆ ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಕಂಡಿತು ಎಂದು ತೋರಿಸುವ ಸಾಧನ. ಎರಡೂ ಉಚಿತ. ಇವನ್ನು ಮಾಡಿಕೊಡಲು ಯಾರಾದರೂ ತಿಂಗಳ ಬಾಡಿಗೆ ಕೇಳಿದರೆ ನಮಸ್ಕಾರ ಹೇಳಿ ಕಳಿಸಿ.

1. ಬರೆಯುವ ಮೊದಲು ಪ್ರಶ್ನೆಗಳನ್ನು ಕೂಡಿಹಾಕಿ

ನೋಟ್‌ಬುಕ್ಕನ್ನು ಫೋನ್ ಪಕ್ಕದಲ್ಲಿಡಿ. ಎರಡು ವಾರ, ಕರೆ ಮಾಡಿದವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ಸೌರ ಜಲತಾಪಕದ ಕಾರ್ಯಕ್ಷಮತೆ ಕುಗ್ಗಿದೆ" ಎಂದು ಯಾರೂ ಹೇಳುವುದಿಲ್ಲ. "ಸೋಲಾರ್‌ನಲ್ಲಿ ನೀರು ಬಿಸಿಯಾಗುತ್ತಿಲ್ಲ", "ಬೋರ್‌ವೆಲ್ ನೀರಿಗೆ ಯಾವ ಸೋಲಾರ್ ಒಳ್ಳೆಯದು", "ಉಪ್ಪು ಕಟ್ಟಿದೆ, ತೆಗೆಯಲು ಎಷ್ಟು ಆಗುತ್ತದೆ" ಎನ್ನುತ್ತಾರೆ. ನಿಮ್ಮ ಶೀರ್ಷಿಕೆ ಹುಟ್ಟಬೇಕಾದದ್ದು ಈ ಮಾತುಗಳಿಂದ.

ಮೆಕ್ಯಾನಿಕ್‌ಗಳನ್ನೂ ಕೇಳಿ. ಮಾಲೀಕರಿಗಿಂತ ಹೆಚ್ಚು ಪ್ರಶ್ನೆಗಳು ಟೆರೇಸ್ ಮೇಲೆ ನಿಂತವರ ಕಿವಿಗೆ ಬಿದ್ದಿರುತ್ತವೆ. ಜೊತೆಗೆ, ಗೂಗಲ್‌ನ ಹುಡುಕಾಟದ ಪೆಟ್ಟಿಗೆಯಲ್ಲಿ ಎರಡು ಪದ ಹಾಕಿ ನಿಲ್ಲಿಸಿ ನೋಡಿ. ಕೆಳಗೆ ತಾನಾಗಿ ಇಳಿಯುವ ಸಲಹೆಗಳು ಜನ ಹುಡುಕುವ ರೀತಿಯನ್ನೇ ತೋರಿಸುತ್ತವೆ.

2. ಒಂದು ಲೇಖನಕ್ಕೆ ಒಂದೇ ಪ್ರಶ್ನೆ

ಜನರು ಹುಡುಕಲು ಬಳಸುವ ಪದಗುಚ್ಛವನ್ನು ಕೀವರ್ಡ್ ಎನ್ನುತ್ತಾರೆ. ಒಂದು ಲೇಖನಕ್ಕೆ ಒಂದು ಮುಖ್ಯ ಕೀವರ್ಡ್ ಸಾಕು. ಅದು ಶೀರ್ಷಿಕೆಯಲ್ಲಿ, ಮೊದಲ ಪರಿಚ್ಛೇದದಲ್ಲಿ, ಒಂದೆರಡು ಉಪಶೀರ್ಷಿಕೆಗಳಲ್ಲಿ ಸಹಜವಾಗಿ ಬಂದರೆ ಆಯಿತು. ಸಾಲಿಗೊಮ್ಮೆ "ಬೆಂಗಳೂರಿನ ಅತ್ಯುತ್ತಮ ಸೋಲಾರ್ ರಿಪೇರಿ" ಎಂದು ತುರುಕಿದರೆ ಓದುಗನಿಗೂ ರೇಜಿಗೆ, ಗೂಗಲ್‌ಗೂ ಅದು ಮೋಸದ ಲಕ್ಷಣ.

"ಮೆಟಾ ಕೀವರ್ಡ್ ಸೇರಿಸಿಕೊಡುತ್ತೇವೆ" ಎಂದು ದರಪಟ್ಟಿ ಕೊಡುವವರು ಈಗಲೂ ಇದ್ದಾರೆ. ಪುಟದ ಹಿಂದೆ ಅಡಗಿಸಿಡುವ ಈ ಪದಪಟ್ಟಿಯನ್ನು ಶ್ರೇಯಾಂಕಕ್ಕೆ, ಅಂದರೆ ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕೆಂಬ ತೀರ್ಮಾನಕ್ಕೆ, ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಆ ಸಾಲಿಗೆ ಬೆಲೆ ಹಾಕಿದ್ದರೆ ಉಳಿದ ದರಪಟ್ಟಿಯನ್ನೂ ಅನುಮಾನದಿಂದಲೇ ನೋಡಿ.

ಬಡಾವಣೆಯ ಹೆಸರು ಬರಲಿ, ಆದರೆ ಕಾರಣವಿದ್ದಾಗ ಮಾತ್ರ. ಕಾವೇರಿ ನೀರು ಬರುವ ಮನೆಗೂ ಬೋರ್‌ವೆಲ್ ನೀರನ್ನೇ ನಂಬಿದ ಮನೆಗೂ ಸೋಲಾರ್‌ನ ಕಷ್ಟ ಬೇರೆ ಬೇರೆ. ನಗರದ ಅಂಚಿನ ಬಡಾವಣೆಗಳಿಗೆಂದೇ ಬೋರ್‌ವೆಲ್ ನೀರಿನ ಲೇಖನ ಬರೆದರೆ ಅದಕ್ಕೆ ಅರ್ಥವಿದೆ. ಒಂದೇ ಲೇಖನದಲ್ಲಿ ಊರಿನ ಹೆಸರು ಮಾತ್ರ ಬದಲಿಸಿ ರಾಜಾಜಿನಗರಕ್ಕೊಂದು, ಯಲಹಂಕಕ್ಕೊಂದು, ಜೆ.ಪಿ. ನಗರಕ್ಕೊಂದು ಎಂದು ಪುಟ ಮಾಡುವುದು ಗೂಗಲ್‌ನ ನಿಯಮಗಳಿಗೆ ವಿರುದ್ಧ.

ಕನ್ನಡವೋ ಇಂಗ್ಲಿಷೋ ಎಂದು ಕೇಳುವವರಿಗೆ: ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ. ಕರೆಗಳು ಎರಡು ಭಾಷೆಯಲ್ಲೂ ಬರುತ್ತಿದ್ದರೆ ಎರಡು ಪ್ರತ್ಯೇಕ ಪುಟ ಮಾಡಿ. ಯಂತ್ರಾನುವಾದವನ್ನು ಓದಿ ನೋಡದೆ ಹಾಗೇ ಹಾಕಬೇಡಿ, ಎರಡನ್ನೂ ಒಂದೇ ಪುಟದಲ್ಲಿ ಕಲಸಲೂ ಬೇಡಿ. ಕನ್ನಡದಲ್ಲಿ ರಿಪೇರಿ, ಸೇವೆ, ಬಿಡಿಭಾಗಗಳ ಬಗ್ಗೆ ನೆಟ್ಟಗೆ ಬರೆದದ್ದು ಇನ್ನೂ ಕಡಿಮೆ. ಮೊದಲು ಬರೆದವರಿಗೆ ಅದೇ ಲಾಭ.

3. ಮೊದಲ ಸಾಲಿನಿಂದಲೇ ಕೆಲಸಕ್ಕೆ ಇಳಿಯಿರಿ

ನನ್ನ ಕೈಗೆ ಬರುವ ಬಹುಪಾಲು ಲೇಖನಗಳು ಹೀಗೆ ಶುರುವಾಗುತ್ತವೆ: "ಇಂದಿನ ಆಧುನಿಕ ಯುಗದಲ್ಲಿ ಸೌರಶಕ್ತಿಯು ಮಾನವನ ಜೀವನದ ಅವಿಭಾಜ್ಯ ಅಂಗವಾಗಿದೆ." ಇದು ಎಂಟನೇ ತರಗತಿಯ ಪ್ರಬಂಧ. ತಣ್ಣೀರಿನ ಬಕೆಟ್ ಮುಂದೆ ನಿಂತು ಮೊಬೈಲ್ ತೆಗೆದವನಿಗೆ ಇದರಿಂದ ಏನೂ ಆಗಬೇಕಾಗಿಲ್ಲ.

ಹೀಗೆ ಶುರುಮಾಡಿ: "ಬಿಸಿಲು ಚೆನ್ನಾಗಿಯೇ ಇದೆ, ಆದರೂ ಮೊದಲ ಬಕೆಟ್ ಬಿಸಿ ಬಂದು ಎರಡನೆಯದು ತಣ್ಣಗೆ ಬರುತ್ತಿದೆಯೇ? ಮೆಕ್ಯಾನಿಕ್‌ಗೆ ಕರೆ ಮಾಡುವ ಮೊದಲು ಮೂರು ವಿಷಯ ನೋಡಿ."

ಆಮೇಲೆ ಆ ಮೂರನ್ನು ನಿಜವಾಗಿ ಹೇಳಿ. ಗಾಜಿನ ಕೊಳವೆಗಳ ಮೇಲೆ ದೂಳು ಕೂತಿದೆಯೇ? ಒದ್ದೆ ಬಟ್ಟೆಯಿಂದ ಒರೆಸಿ ಎರಡು ದಿನ ನೋಡಿ. ಪಕ್ಕದ ಸೈಟಿನಲ್ಲಿ ಹೊಸದಾಗಿ ಎದ್ದ ನಾಲ್ಕಂತಸ್ತಿನ ಕಟ್ಟಡ ಮಧ್ಯಾಹ್ನದ ಬಿಸಿಲಿಗೆ ಅಡ್ಡ ಬಂದಿದೆಯೇ? ಹಾಗಿದ್ದರೆ ರಿಪೇರಿಯಿಂದ ಪ್ರಯೋಜನವಿಲ್ಲ, ಜಾಗ ಬದಲಿಸಬೇಕು. ಸ್ನಾನದ ಮನೆಯಲ್ಲಿ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ಕೊಳಾಯಿ ಕೆಟ್ಟು ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆಯೇ? ಪ್ರೆಶರ್ ಪಂಪ್ ಇರುವ ಮನೆಗಳಲ್ಲಿ ಇದನ್ನು ಮರೆಯದೆ ನೋಡಬೇಕು. ಅದು ಪ್ಲಂಬರ್ ಕೆಲಸ, ನಿಮ್ಮದಲ್ಲ. ಮೂರೂ ಸರಿ ಇದ್ದರೆ ಒಳಗೆ ಉಪ್ಪು ಕಟ್ಟಿರುವ ಸಾಧ್ಯತೆ ಹೆಚ್ಚು, ಆಗ ಮೆಕ್ಯಾನಿಕ್ ಬರಲೇಬೇಕು.

ಎಚ್ಚರಿಕೆಯನ್ನೂ ಬರೆಯಿರಿ. ಖಾಲಿ ಕೊಳವೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾದಿರುವಾಗ ತಣ್ಣೀರು ತುಂಬಿದರೆ ಗಾಜು ಒಡೆಯುತ್ತದೆ. ಕೆಲಸವನ್ನು ಬೆಳಗಿನ ಜಾವ ಅಥವಾ ಸಂಜೆಗೆ ಇಟ್ಟುಕೊಳ್ಳಬೇಕು. ಈ ಒಂದು ಸಾಲು "ಇಪ್ಪತ್ತು ವರ್ಷಗಳ ಅನುಭವ" ಎಂಬ ಬೋರ್ಡಿಗಿಂತ ಹೆಚ್ಚು ನಂಬಿಕೆ ತರುತ್ತದೆ, ಏಕೆಂದರೆ ಕೆಲಸ ಮಾಡಿದವರಿಗೆ ಮಾತ್ರ ಅದು ಹೊಳೆಯುತ್ತದೆ.

"ಎಲ್ಲ ಹೇಳಿಕೊಟ್ಟರೆ ನಮ್ಮನ್ನು ಯಾರು ಕರೆಯುತ್ತಾರೆ?" ಎಂಬ ಭಯ ಎಲ್ಲರಿಗೂ ಇದೆ. ದೂಳು ಒರೆಸಿಕೊಂಡವನು ಹೇಗೂ ನಿಮಗೆ ದೊಡ್ಡ ಗಿರಾಕಿಯಲ್ಲ. ಉಪ್ಪು ಕಟ್ಟಿದ ಮನೆಯವನು ಲೇಖನ ಓದಿ, ಇವರು ಸುಳ್ಳು ಬಿಲ್ ಮಾಡುವವರಲ್ಲ ಎಂದುಕೊಂಡೇ ಫೋನ್ ಎತ್ತುತ್ತಾನೆ. ಯಾವಾಗ ನಿಮ್ಮನ್ನು ಕರೆಯಬೇಕಾಗಿಲ್ಲ ಎಂದು ಹೇಳುವ ಭಾಗ ಪ್ರತಿ ಲೇಖನದಲ್ಲೂ ಇರಲಿ.

ದರದ ಬಗ್ಗೆಯೂ ಬಾಯಿ ಬಿಡಿ. "ದರಕ್ಕಾಗಿ ಕರೆ ಮಾಡಿ" ಎಂದು ಬರೆದ ಪುಟದಿಂದ ಓದುಗ ಹಿಂದಕ್ಕೆ ಹೋಗಿ ಮುಂದಿನ ಅಂಗಡಿಯನ್ನು ನೋಡುತ್ತಾನೆ. ಖಚಿತ ಮೊತ್ತ ಹೇಳಲಾಗದಿದ್ದರೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಯಾವ ಕಾರಣಕ್ಕೆ ಹೆಚ್ಚಾಗುತ್ತದೆ, ಮನೆಗೆ ಬಂದು ನೋಡುವುದಕ್ಕೆ ಶುಲ್ಕವಿದೆಯೇ ಎಂಬುದನ್ನು ಹೇಳಿ.

ಉದ್ದ ಎಷ್ಟಿರಬೇಕು ಎಂಬುದಕ್ಕೆ ನಿಯಮವಿಲ್ಲ. ಪ್ರಶ್ನೆಗೆ ಉತ್ತರ ಮುಗಿದಾಗ ಲೇಖನ ಮುಗಿಯಬೇಕು. ಕೃತಕ ಬುದ್ಧಿಮತ್ತೆಯ ಸಾಧನದಿಂದ ಬರೆಸಬಹುದೇ ಎಂದರೆ, ವಾಕ್ಯ ತಿದ್ದಿಸಿಕೊಳ್ಳಲು ಅಡ್ಡಿಯಿಲ್ಲ. ಬರಹ ಹೇಗೆ ತಯಾರಾಯಿತು ಎನ್ನುವುದಕ್ಕಿಂತ ಗುಣಮಟ್ಟ ಮುಖ್ಯ ಎಂದು ಗೂಗಲ್ 2023ರ ಫೆಬ್ರುವರಿಯಲ್ಲಿ ಹೇಳಿತು. ಶ್ರೇಯಾಂಕಕ್ಕಾಗಿಯೇ ರಾಶಿಗಟ್ಟಲೆ ಪುಟ ತಯಾರಿಸುವುದನ್ನು 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲಿ, ಅಂದರೆ ನಿಷೇಧಿತ ತಂತ್ರಗಳ ಪಟ್ಟಿಯಲ್ಲಿ, ಸೇರಿಸಿತು. ಮಿಕ್ಸರ್ ಕೊಳಾಯಿಯಂಥ ವಿಷಯವನ್ನಂತೂ ನಿಮ್ಮ ಮೆಕ್ಯಾನಿಕ್‌ನಿಂದಲೇ ಕೇಳಬೇಕು.

ಆಹಾರ, ಎಣ್ಣೆ, ಗಿಡಮೂಲಿಕೆ ಮಾರುವವರು ಇಲ್ಲಿ ಒಂದು ನಿಮಿಷ ನಿಲ್ಲಿ. ನಿಮ್ಮ ಪದಾರ್ಥ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ ಎಂದು ಲೇಖನದಲ್ಲಿ ಬರೆಯುವುದು ಬರೀ ಉತ್ಪ್ರೇಕ್ಷೆಯಲ್ಲ. ಮಧುಮೇಹವೂ ಸೇರಿದಂತೆ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಔಷಧವೆಂದು ಹೇಳಿ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಗಾಣದ ಎಣ್ಣೆಯವರು ಕಡಲೆಕಾಯಿ ಎಲ್ಲಿಂದ ತರಿಸುತ್ತೀರಿ, ತಳದಲ್ಲಿ ಗಸಿ ಏಕೆ ನಿಲ್ಲುತ್ತದೆ, ಎಷ್ಟು ದಿನದೊಳಗೆ ಬಳಸಬೇಕು ಎಂದು ಬರೆಯಿರಿ. ಗಿರಾಕಿ ಅಂಗಡಿಯಲ್ಲಿ ಕೇಳುವುದೂ ಅದನ್ನೇ.

4. ಅಕ್ಷರ ಮತ್ತು ಚಿತ್ರ

ಇದು ಕನ್ನಡದಲ್ಲಿ ಬರೆಯುವವರಿಗೆ ಬರುವ ತೊಡಕು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ವೆಬ್‌ಸೈಟಿಗೆ ಹಾಕಿದರೆ, ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಪೌಂಡ್ ಚಿಹ್ನೆ ಮತ್ತು ಸೊಟ್ಟ ಗೆರೆಗಳ ಕಲಸುಮೇಲೋಗರ ಕಾಣುತ್ತದೆ. ಗೂಗಲ್‌ಗೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಲೇಖನ ಯುನಿಕೋಡ್‌ನಲ್ಲಿರಬೇಕು, ಅಂದರೆ ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿ. ಹಳೆಯ ಕಡತಗಳನ್ನು ಬದಲಿಸಲು ಉಚಿತ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ತಿದ್ದಿ. ಮೊಬೈಲ್ ಕೀಲಿಮಣೆಯಲ್ಲೇ ಬರೆದಿದ್ದರೆ ಈ ತಲೆನೋವಿಲ್ಲ.

ಲೇಖನವನ್ನೇ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕಬೇಡಿ. ಚಿತ್ರದೊಳಗಿನ ಪದಗಳನ್ನು ನಂಬಿ ಗೂಗಲ್ ನಿಮ್ಮನ್ನು ಹುಡುಕಿಕೊಡುತ್ತದೆ ಎಂಬ ಭರವಸೆಯಿಲ್ಲ. ಇಂಟರ್‌ನೆಟ್‌ನಿಂದ ಎತ್ತಿದ ಫೋಟೊ ಬೇಡ, ಅದಕ್ಕೆ ಹಕ್ಕುದಾರರಿರುತ್ತಾರೆ. ಉಪ್ಪು ಕಟ್ಟಿದ ಕೊಳವೆಯ ಬಾಯಿಯನ್ನು ನಿಮ್ಮ ಮೊಬೈಲ್‌ನಲ್ಲೇ ಹತ್ತಿರದಿಂದ ತೆಗೆಯಿರಿ. ಮನೆಯವರ ಒಪ್ಪಿಗೆ ಕೇಳಿ, ಮನೆಯ ಸಂಖ್ಯೆ ಕಾಣದಂತೆ ನೋಡಿಕೊಳ್ಳಿ, ಹಾಕುವ ಮೊದಲು ಗಾತ್ರ ಕುಗ್ಗಿಸಿ.

5. ಕೊನೆಯ ನಾಲ್ಕು ಸಾಲು

ಲೇಖನದ ಕೊನೆಯಲ್ಲಿ ಬರುವ ಪರಿಚಯದ ಚೌಕವೇ ಗಿರಾಕಿ ಒಳಗೆ ಬರುವ ಬಾಗಿಲು. ಬರೆದವರು ಯಾರು, ಏನು ಕೆಲಸ ಮಾಡುತ್ತಾರೆ, ಯಾವ ಬಡಾವಣೆಗಳಿಗೆ ಬರುತ್ತಾರೆ, ಎಷ್ಟು ಹೊತ್ತಿಗೆ ಕರೆ ಮಾಡಬಹುದು ಎಂಬಷ್ಟು ಸಾಕು. ಕೇಳಿಕೆ ಒಂದೇ ಇರಲಿ. ಕರೆ ಮಾಡಿ, ಫೇಸ್‌ಬುಕ್‌ನಲ್ಲಿ ಮೆಚ್ಚಿ, ಯೂಟ್ಯೂಬ್‌ಗೆ ಚಂದಾದಾರರಾಗಿ, ಸ್ನೇಹಿತರಿಗೂ ಕಳಿಸಿ ಎಂದು ಒಟ್ಟಿಗೆ ಕೇಳಿದರೆ ಓದುಗ ಒಂದನ್ನೂ ಮಾಡುವುದಿಲ್ಲ.

ವಾಟ್ಸ್‌ಆ್ಯಪ್‌ನ ಕ್ಲಿಕ್-ಟು-ಚಾಟ್ ಕೊಂಡಿ ಇಲ್ಲಿ ಒಳ್ಳೆಯ ಉಪಾಯ. ಅದನ್ನು ಒತ್ತಿದರೆ ನಿಮ್ಮ ಸಂಖ್ಯೆಗೆ ಸಂದೇಶದ ಪೆಟ್ಟಿಗೆ ತೆರೆಯುತ್ತದೆ, ಅದರಲ್ಲಿ ಮೊದಲೇ ಒಂದು ವಾಕ್ಯ ಬರೆದಿಡಬಹುದು: "ಉಪ್ಪು ಕಟ್ಟಿದ ಸೋಲಾರ್ ಲೇಖನ ಓದಿದೆ, ನಮ್ಮ ಮನೆ ಇರುವ ಬಡಾವಣೆ…" ಗಿರಾಕಿಗೆ ಟೈಪ್ ಮಾಡುವ ಶ್ರಮ ತಪ್ಪುತ್ತದೆ, ಯಾವ ಲೇಖನದಿಂದ ಬಂದರೆಂದು ನಿಮಗೂ ಗೊತ್ತಾಗುತ್ತದೆ.

6. ಎಲ್ಲಿ ಹಾಕಬೇಕು

ಮೊದಲು ನಿಮ್ಮ ಸ್ವಂತ ವೆಬ್‌ಸೈಟಿನಲ್ಲಿ. ಬೇರೆಯವರ ತಾಣ ಯಾವತ್ತು ಬೇಕಾದರೂ ಮುಚ್ಚಬಹುದು. ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಕೊಟ್ಟು, ಗೂಗಲ್ ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆಯೇ ನೋಡಿ. ಆಮೇಲೆ ಅದರ ಸಾರವನ್ನು ಎರಡು ಮೂರು ಸಾಲಿನಲ್ಲಿ ಬಿಸಿನೆಸ್ ಪ್ರೊಫೈಲ್‌ನ ಪೋಸ್ಟ್ ಆಗಿ ಹಾಕಿ, ಪುಟದ ಕೊಂಡಿ ಕೊಡಿ.

ಹೊರಗೆ ಹೋಗುವಾಗ ಅದೇ ಲೇಖನದ ನಕಲನ್ನು ಹತ್ತು ಕಡೆ ಅಂಟಿಸಬೇಡಿ. ಬೇರೆ ತಾಣ ಇಡೀ ಲೇಖನ ಮರುಪ್ರಕಟಿಸಲು ಬಯಸಿದರೆ ಆ ನಕಲಿಗೆ ನೋಇಂಡೆಕ್ಸ್ ಗುರುತು ಹಾಕಲು ಕೇಳಿ. ಆ ಪುಟವನ್ನು ಪಟ್ಟಿಗೆ ಸೇರಿಸಬೇಡ ಎಂದು ಹುಡುಕುಯಂತ್ರಕ್ಕೆ ತಿಳಿಸುವ ಗುರುತು ಅದು. ಅವರು ಒಪ್ಪದಿದ್ದರೆ ಅವರ ಓದುಗರಿಗೆ ತಕ್ಕಂತೆ ಬೇರೆಯದನ್ನೇ ಬರೆದುಕೊಡಿ.

ಬೆಂಗಳೂರಿನಲ್ಲಿ ಸಣ್ಣ ವ್ಯಾಪಾರಕ್ಕೆ ಫಲ ಕೊಡುವ ಜಾಗಗಳು ಹೆಚ್ಚಾಗಿ ಕಣ್ಣೆದುರಿಗೇ ಇರುತ್ತವೆ. ಅಪಾರ್ಟ್‌ಮೆಂಟ್ ಸಂಘದ ಮಾಸಿಕ ಸುದ್ದಿಪತ್ರಕ್ಕೆ ಅರ್ಧ ಪುಟ ತುಂಬಿಸಲು ಯಾರಾದರೂ ಸಿಕ್ಕರೆ ಕಾರ್ಯದರ್ಶಿಗೆ ಸಂತೋಷವೇ. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಗುಂಪು ನಡೆಸುವವರನ್ನು ಕೇಳಿ. ಬರೀ ಕೊಂಡಿ ಎಸೆಯದೆ ಉತ್ತರವನ್ನೇ ನಾಲ್ಕು ಸಾಲಿನಲ್ಲಿ ಬರೆದು, ಹೆಚ್ಚಿನ ವಿವರಕ್ಕೆ ಮಾತ್ರ ಕೊಂಡಿ ಕೊಡಿ. ಪತ್ರಿಕೆಗಳ ಪುರವಣಿಗೆ ಕಳಿಸುವುದಾದರೆ ಅಂಗಡಿಯ ಹೆಸರು ಲೇಖನದೊಳಗೆ ಬರಬಾರದು. ಕೊನೆಯಲ್ಲಿ ಒಂದು ಸಾಲಿನ ಪರಿಚಯ ಅವರೇ ಹಾಕಿದರೆ ಅದೃಷ್ಟ. ಒಂದೇ ಬರಹವನ್ನು ಒಟ್ಟಿಗೆ ಎರಡು ಪತ್ರಿಕೆಗಳಿಗೆ ಕಳಿಸಿದವರ ಹೆಸರನ್ನು ಸಂಪಾದಕರು ಮರೆಯುವುದಿಲ್ಲ. ಪೀಣ್ಯದ ಲೇತ್‌ನವರಿಗೆ ಇವು ಯಾವುವೂ ಬೇಡ. ಅವರ ಗಿರಾಕಿ ಇನ್ನೊಂದು ಕಾರ್ಖಾನೆ, ಹಾಗಾಗಿ ಕೈಗಾರಿಕಾ ಸಂಘಗಳ ಪತ್ರಿಕೆ ಮತ್ತು ಲಿಂಕ್ಡ್‌ಇನ್ ಅವರಿಗೆ ಸರಿ.

ಈಗ ದುಡ್ಡು ಹೋಗುವ ಕಡೆ. "ನೂರು ಆರ್ಟಿಕಲ್ ಡೈರೆಕ್ಟರಿಗಳಿಗೆ ಸಲ್ಲಿಕೆ, ಐನೂರು ಬ್ಯಾಕ್‌ಲಿಂಕ್" ಎಂಬ ಪ್ಯಾಕೇಜ್‌ಗಳು ಇನ್ನೂ ಮಾರಾಟಕ್ಕಿವೆ. ಬ್ಯಾಕ್‌ಲಿಂಕ್ ಎಂದರೆ ಬೇರೊಂದು ತಾಣ ನಿಮ್ಮ ಪುಟಕ್ಕೆ ಕೊಡುವ ಕೊಂಡಿ. ಒಂದು ಕಾಲದಲ್ಲಿ ಅದರ ಎಣಿಕೆಗೆ ಬೆಲೆಯಿತ್ತು. ಆರ್ಟಿಕಲ್ ಡೈರೆಕ್ಟರಿ, ಅಂದರೆ ಯಾರು ಬೇಕಾದರೂ ಲೇಖನ ಸುರಿಯಬಹುದಾಗಿದ್ದ ತಾಣಗಳಿಗೆ, ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರದಲ್ಲಿ ಮಾಡಿದ 2011ರ ಪಾಂಡಾ ಎಂಬ ಬದಲಾವಣೆಯಿಂದ ದೊಡ್ಡ ಹೊಡೆತ ಕೊಟ್ಟಿತು. 2012ರ ಪೆಂಗ್ವಿನ್ ಬದಲಾವಣೆ ಕೃತಕ ಕೊಂಡಿಗಳನ್ನು ಹಿಡಿಯಿತು. ಅಂದಿನಿಂದ ಇದು ವ್ಯರ್ಥ ಖರ್ಚು, ಕೆಲವೊಮ್ಮೆ ನಿಮ್ಮ ತಾಣಕ್ಕೇ ಪೆಟ್ಟು. ದುಡ್ಡು ಕೊಟ್ಟು ಪ್ರಕಟಿಸಿದ ಲೇಖನದ ಮೇಲೆ ಪ್ರಾಯೋಜಿತ ಎಂದು ಸ್ಪಷ್ಟವಾಗಿ ಬರೆದಿರಬೇಕು, ಕೊಂಡಿಗೂ ಆ ಗುರುತು ಹಾಕಿಸಬೇಕು. ರಿಯಾಯಿತಿ ಆಸೆ ತೋರಿಸಿ ಗೂಗಲ್ ವಿಮರ್ಶೆ ಬರೆಸುವುದೂ ನಿಯಮಬಾಹಿರ.

7. ಋತು ನೋಡಿ ಹಾಕಿ

ಹೊಸ ಪುಟ ಗೂಗಲ್‌ನಲ್ಲಿ ನೆಲೆಯೂರಲು ಸಮಯ ಬೇಕು. ಆಷಾಢದ ಮೋಡ ಕವಿದಾಗ ಸೋಲಾರ್ ಬಗ್ಗೆ ದೂರುಗಳು ಹೆಚ್ಚುತ್ತವೆ, ಹಾಗಾಗಿ ಲೇಖನ ಏಪ್ರಿಲ್ ಕೊನೆಗೆ ಸಿದ್ಧವಿರಬೇಕು. ಸೀರೆಗೆ ಕುಚ್ಚು ಕಟ್ಟುವವರು ವರಮಹಾಲಕ್ಷ್ಮಿ ಹಬ್ಬದ ವಾರ ಬರೆದರೆ ಓದುವವರಿಲ್ಲ. ಎರಡು ತಿಂಗಳು ಮೊದಲೇ ಬರೆಯಿರಿ. ತಿಂಗಳಿಗೆ ಒಂದು ಒಳ್ಳೆಯ ಲೇಖನ ಸಾಕು.

8. ಲೆಕ್ಕ ಇಡಿ, ಕಾಯಿಲೆ ಗುರುತಿಸಿ

"ಎಷ್ಟು ಜನ ಓದಿದರು" ಎಂಬ ಸಂಖ್ಯೆ ಹಿತವಾಗಿರುತ್ತದೆ, ಗಲ್ಲಾಪೆಟ್ಟಿಗೆಗೆ ಬರುವುದಿಲ್ಲ. ಬಂದ ಪ್ರತಿ ಗಿರಾಕಿಯನ್ನೂ "ನಮ್ಮ ಬಗ್ಗೆ ಎಲ್ಲಿ ನೋಡಿದಿರಿ?" ಎಂದು ಕೇಳಿ ಅದೇ ನೋಟ್‌ಬುಕ್‌ನಲ್ಲಿ ಗುರುತು ಹಾಕಿ. ತಿಂಗಳಿಗೊಮ್ಮೆ ಸರ್ಚ್ ಕನ್ಸೋಲ್ ತೆರೆಯಿರಿ. ಅಲ್ಲಿ ಇಂಪ್ರೆಷನ್ ಎಂದರೆ ಹುಡುಕಾಟದಲ್ಲಿ ನಿಮ್ಮ ಪುಟ ಎಷ್ಟು ಬಾರಿ ಕಂಡಿತು, ಕ್ಲಿಕ್ ಎಂದರೆ ಎಷ್ಟು ಬಾರಿ ಅದನ್ನು ಒತ್ತಿದರು. ಹಿಂದಿನ 16 ತಿಂಗಳ ಅಂಕಿಗಳು ಸಿಗುತ್ತವೆ, ಹಾಗಾಗಿ ಕಳೆದ ಮಳೆಗಾಲಕ್ಕೂ ಈ ಮಳೆಗಾಲಕ್ಕೂ ಹೋಲಿಸಬಹುದು.

ಇಂಪ್ರೆಷನ್ನೇ ಇಲ್ಲದಿದ್ದರೆ ಪುಟ ಗೂಗಲ್ ಪಟ್ಟಿಗೆ ಸೇರಿಲ್ಲ, ಅಥವಾ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಇಂಪ್ರೆಷನ್ ಇದ್ದು ಕ್ಲಿಕ್ ಕಡಿಮೆ ಇದ್ದರೆ ಮೊದಲು ಶೀರ್ಷಿಕೆ ಬದಲಿಸಿ, "ಸೋಲಾರ್ ನಿರ್ವಹಣೆ: ಒಂದು ಅವಲೋಕನ" ಎಂಬುದನ್ನು "ಸೋಲಾರ್‌ನಲ್ಲಿ ನೀರು ಬಿಸಿಯಾಗುತ್ತಿಲ್ಲವೇ? ಮೊದಲು ಇದನ್ನು ನೋಡಿ" ಎಂದು ಮಾಡಿ. ಕ್ಲಿಕ್ ಚೆನ್ನಾಗಿದ್ದು ಕರೆ ಬರದಿದ್ದರೆ ಓದುಗರು ನಿಮ್ಮ ಊರಿನವರಲ್ಲದಿರಬಹುದು. ಹುಬ್ಬಳ್ಳಿಯವರು, ಮಂಗಳೂರಿನವರು ಓದಿ ಹೋಗುತ್ತಿದ್ದರೆ ಬೋರ್‌ವೆಲ್ ನೀರು, ಬಡಾವಣೆ, ನಿಮ್ಮ ದರ ಎಂಬ ಸ್ಥಳೀಯ ವಿವರಗಳು ಲೇಖನದ ಮೊದಲರ್ಧದಲ್ಲೇ ಬರಬೇಕು. ಕರೆ ಬಂದು ಕೆಲಸ ಸಿಗದಿದ್ದರೆ ಲೇಖನವನ್ನು ಮುಟ್ಟಬೇಡಿ, ಫೋನ್ ಎತ್ತುವವರು ಹೇಗೆ ಮಾತನಾಡುತ್ತಾರೆ ಎಂದು ಪಕ್ಕದಲ್ಲಿ ಕುಳಿತು ಕೇಳಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ವಾರ ಬಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ.

9. ಹಳೆಯದನ್ನು ತಿರುವಿಹಾಕಿ

ಓಡುತ್ತಿರುವ ಲೇಖನವನ್ನು ವರ್ಷಕ್ಕೊಮ್ಮೆ ಓದಿ ಹೊಸದು ಮಾಡಿ. ದರ ಏರಿರುತ್ತದೆ, ಬಡಾವಣೆಗೆ ಕಾವೇರಿ ಸಂಪರ್ಕ ಬಂದಿರುತ್ತದೆ, ಫೋಟೊದಲ್ಲಿರುವ ಮಾದರಿ ಈಗ ಸಿಗುತ್ತಿರುವುದಿಲ್ಲ. ತಿದ್ದುವಾಗ ಪುಟದ ವಿಳಾಸವನ್ನು ಮಾತ್ರ ಬದಲಿಸಬೇಡಿ, ಬದಲಿಸಿದರೆ ಗಳಿಸಿದ ಸ್ಥಾನ ಕೈತಪ್ಪಬಹುದು. ಏನೂ ಬದಲಿಸದೆ ದಿನಾಂಕವನ್ನಷ್ಟೇ ಹೊಸದಾಗಿಸುವುದು ಓದುಗನಿಗೆ ಮಾಡುವ ಮೋಸ. ಒಂದೇ ಪ್ರಶ್ನೆಗೆ ಎರಡು ಸಣ್ಣ ಲೇಖನಗಳಿದ್ದರೆ ಒಂದರಲ್ಲಿ ಸೇರಿಸಿ, ಬಿಟ್ಟ ಪುಟದ ವಿಳಾಸವನ್ನು ಉಳಿದದ್ದಕ್ಕೆ ತಿರುಗಿಸಲು ವೆಬ್‌ಸೈಟ್ ಮಾಡಿದವರಿಗೆ ಹೇಳಿ.

ಅಂಗಡಿಯ ಮೊಬೈಲ್ ಸಂಖ್ಯೆ ಬದಲಾದರೆ ಬೋರ್ಡ್ ಬರೆಸುವ ದಿನವೇ ಬಿಸಿನೆಸ್ ಪ್ರೊಫೈಲ್, ಪ್ರತಿ ಲೇಖನದ ಕೊನೆಯ ಚೌಕ, ವಾಟ್ಸ್‌ಆ್ಯಪ್ ಕೊಂಡಿ, ಸಂಘದ ಸುದ್ದಿಪತ್ರ ಎಲ್ಲ ಕಡೆಯೂ ಬದಲಿಸಿ. ಎಲ್ಲೆಲ್ಲಿ ಸಂಖ್ಯೆ ಕೊಟ್ಟಿದ್ದೀರಿ ಎಂಬ ಪಟ್ಟಿಯನ್ನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಇಂದೇ ಬರೆದಿಟ್ಟುಕೊಳ್ಳಿ.